ಮೈಸೂರು-ಮಂಡ್ಯ ಕಡೆ ಫೋಟೋಗ್ರಫಿ ಗುಂಪು ಸೇರಿದ್ರೆ ನಿಜಕ್ಕೂ ಏನು ಸಿಗುತ್ತೆ?

ಕಬ್ಬಿನಗದ್ದೆ:
ಇರೋದು ಮಂಡ್ಯ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 18-55 ಮತ್ತು 55-250 ಎಂಎಂ ಲೆನ್ಸ್. ತೆಗೆಯೋದು ಹಕ್ಕಿ, ಜಾತ್ರೆ, ದೇವಸ್ಥಾನ. ಎಲ್ಲ ಯೂಟ್ಯೂಬಲ್ಲೇ ಇದೆ ಅಂತಾರೆ ಕೆಲವರು, ಗುಂಪು ಸೇರು ಅಂತಾರೆ ಇನ್ನು ಕೆಲವರು. ಗುಂಪು ಅಂದ್ರೆ ಭಾನುವಾರ ಒಟ್ಟಿಗೆ ಹೋಗಿ ಇಡ್ಲಿ ತಿಂದು ಬರೋದಾ, ಇಲ್ಲ ಕೈ ಪಳಗೋಕೆ ಏನಾದ್ರೂ ಉಪಯೋಗ ಇದೆಯಾ? ಸೇರೋಕೆ ಮುಂಚೆ ಏನು ನೋಡ್ಬೇಕು?

ಏರಿಮೇಲಿನವ:
ಇಡ್ಲಿನೂ ಇರುತ್ತೆ, ಅದನ್ಯಾಕೆ ಬಿಡ್ತೀರಿ. ಆದ್ರೆ ಈ ಊರಿನ ಬೆಳಕು ಯಾವಾಗ ಹೇಗಿರುತ್ತೆ ಅನ್ನೋದು ಯೂಟ್ಯೂಬಲ್ಲಿ ಸಿಗಲ್ಲ.

ಅರಮನೆ ದೀಪಾಲಂಕಾರ ತಗೊಳ್ಳಿ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳಕ್ಕೆ ದೀಪ ಹತ್ತುತ್ತೆ. ಡಿಸೆಂಬರಲ್ಲಿ ಸೂರ್ಯ ಆರರ ಆಸುಪಾಸಿಗೇ ಮುಳುಗಿರ್ತಾನೆ, ಏಳಕ್ಕೆ ಆಕಾಶ ಕಪ್ಪು. ಗುಮ್ಮಟದ ಅಂಚೆಲ್ಲ ಕತ್ತಲಲ್ಲಿ ಕರಗಿ ಬರೀ ಬಲ್ಬಿನ ಸಾಲು ಉಳಿಯುತ್ತೆ. ಜೂನಲ್ಲಿ ಸೂರ್ಯಾಸ್ತ ಸುಮಾರು 6.50ಕ್ಕೆ. ಹಾಗಾಗಿ ಮೋಡ ಕವಿಯದಿದ್ರೆ ದೀಪ ಹತ್ತಿದ ಮೊದಲ ಇಪ್ಪತ್ತು ನಿಮಿಷ ಹಿಂದೆ ಒಳ್ಳೆ ನೀಲಿ ಸಿಗುತ್ತೆ. ಕ್ಯಾಮೆರಾ ಮ್ಯಾನ್ಯುಯಲ್‌ಗೆ ಹಾಕಿ, ಐಎಸ್‌ಒ 100, ಎಫ್ 8, 1 ಸೆಕೆಂಡಿಂದ ಶುರುಮಾಡಿ ಹಿಸ್ಟೋಗ್ರಾಮ್ (ಬೆಳಕು-ಕತ್ತಲೆ ಎಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡ್ತಾ ಹೊಂದಿಸಿ. ಆಟೋದಲ್ಲಿ ಬಿಟ್ರೆ ಮೀಟರು ಕಪ್ಪು ಆಕಾಶ ನೋಡಿ ಎಕ್ಸ್‌ಪೋಷರ್ ಏರಿಸುತ್ತೆ, ಬಲ್ಬೆಲ್ಲ ಬಿಳಿ ಮುದ್ದೆ ಆಗುತ್ತೆ. ವೈಟ್ ಬ್ಯಾಲೆನ್ಸ್ 3000-3200 ಕೆಲ್ವಿನ್. ಟ್ರೈಪಾಡ್ ಬಿಡ್ತಾರಾ ಅಂತ ಗೇಟಲ್ಲೇ ಕೇಳ್ಕೊಳ್ಳಿ.

ರಂಗನತಿಟ್ಟಿಗೆ ನಿಮ್ಮ 55-250 ಧಾರಾಳ ಆಯ್ತು, ದೋಣಿ ಹಕ್ಕಿಗಳ ಹತ್ರಾನೇ ಹೋಗುತ್ತೆ. ಹಾರೋ ಹಕ್ಕಿಗೆ 1/2000 ಸೆಕೆಂಡ್, ಐಎಸ್‌ಒ ಆಟೋ. ಟ್ರೈಪಾಡ್ ಮನೇಲೇ ಇರಲಿ. ದೋಣಿಯೇ ಅಲ್ಲಾಡುವಾಗ ಅದು ಸ್ಥಿರವಾಗಿ ನಿಂತು ಏನು ಬಂತು? ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲಿಸ್ತಾರೆ. ಗುಂಪಲ್ಲಿ ಶ್ರೀರಂಗಪಟ್ಟಣದವರು ಒಬ್ಬರಿದ್ರೂ ಹೊರಡೋ ಮುಂಚೆಯೇ ಗೊತ್ತಾಗುತ್ತೆ.

ಡಾರ್ಕ್‌ರೂಮ್:
ಮಾಹಿತಿ ಸರಿ, ಆದ್ರೆ ಅದಕ್ಕೆ ಪರಿಚಯದವರು ನಾಲ್ಕು ಜನ ಸಾಕು. ಗುಂಪು ಬೇಕಾಗೋದು ವಿಮರ್ಶೆಗೆ. ನಾವು ತೆಗೆದ ಚಿತ್ರ ನೋಡುವಾಗ ಅವತ್ತಿನ ತಣ್ಣನೆ ಗಾಳಿ, ಕಾದ ಹೊತ್ತು ಎಲ್ಲ ಸೇರ್ಕೊಂಡು ಚೆಂದ ಕಾಣುತ್ತೆ. ಬೇರೆಯವರಿಗೆ ಅದ್ಯಾವುದೂ ಇಲ್ಲ, ಹಕ್ಕಿ ತಲೆ ಹಿಂದೆ ಅಡ್ಡ ಬಂದಿರೋ ಕೊಂಬೆಯೇ ಮೊದಲು ಕಾಣೋದು.

ಸೇರೋ ಮುಂಚೆ ಒಂದು ಸಭೆಯಲ್ಲಿ ಸುಮ್ನೆ ಕೂತು ನೋಡಿ. ಆರೆಂಟು ಜನ, ತಲಾ ಮೂರು ಚಿತ್ರ, ಉಳಿದವರು ಮಾತಾಡಿ ಮುಗಿಸೋವರೆಗೂ ತೆಗೆದವರು ಬಾಯಿ ಬಿಡಬಾರದು. ಹೀಗೆ ನಡೀತಿದ್ರೆ ಕಣ್ಣು ಮುಚ್ಚಿ ಸೇರ್ಕೊಳ್ಳಿ. ತೆಗೆದವರು ಮೊದಲೇ ಕಥೆ ಹೇಳಿಬಿಟ್ರೆ ಎಲ್ಲರೂ ಕಥೆಗೆ ತಲೆದೂಗ್ತಾರೆ, ಚಿತ್ರ ಯಾರೂ ನೋಡಲ್ಲ. ಬೈಯ್ಯೋವ್ರೂ "ಚೆನ್ನಾಗಿಲ್ಲ" ಅಂದು ಸುಮ್ಮನಾದ್ರೆ ಉಪಯೋಗ ಇಲ್ಲ. "ಎಡಕ್ಕೆ ಎರಡು ಹೆಜ್ಜೆ ಸರಿದಿದ್ರೆ ಕಂಬ ಮರೆಯಾಗ್ತಿತ್ತು" ಅನ್ನೋ ಥರ ಇರ್ಬೇಕು.

ಬರೀ "ಸೂಪರ್ ಸಾರ್" ಬೀಳೋ ವಾಟ್ಸಾಪ್ ಗುಂಪು ಗುಡ್ ಮಾರ್ನಿಂಗ್ ಗುಂಪೇ. ಅಲ್ಲಿ ಫೋಟೋ ಮಾಮೂಲಿಯಾಗಿ ಕಳಿಸಿದ್ರೆ ಸೈಜು ಕುಗ್ಗುತ್ತೆ, ಎಕ್ಸಿಫ್ (ಫೈಲೊಳಗಿನ ಕ್ಯಾಮೆರಾ ಸೆಟ್ಟಿಂಗ್ ವಿವರ) ಅಳಿಸಿಹೋಗುತ್ತೆ, ಶಟರ್ ಎಷ್ಟಿತ್ತು ಅಂತ ಯಾರೂ ಹೇಳೋಕಾಗಲ್ಲ. ಡಾಕ್ಯುಮೆಂಟ್ ಅಂತ ಕಳಿಸಿ, ಮೂಲ ಫೈಲೇ ಹೋಗುತ್ತೆ. ಫೈಲಿನ ಬಣ್ಣದ ಸೆಟ್ಟಿಂಗ್ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿ ಫೈಲು ಎಷ್ಟೋ ಕಡೆ ಪೇಲವವಾಗಿ ಕಾಣುತ್ತೆ.

ಪ್ರಿಂಟ್ ನೋಡೋ ಗುಂಪಾದ್ರೆ ಇನ್ನೂ ಮೇಲು. 12x18 ಇಂಚಿಗೆ 200 ಪಿಪಿಐ (ಇಂಚಿಗೆ 200 ಪಿಕ್ಸೆಲ್) ಅಂದ್ರೆ 2400x3600 ಪಿಕ್ಸೆಲ್, 9 ಮೆಗಾಪಿಕ್ಸೆಲ್ ಸಾಕು. ಪ್ರಿಂಟ್ ಕಪ್ಪಾಗಿ ಬಂತು ಅಂತ ಲ್ಯಾಬಿನವರ ಜೊತೆ ಜಗಳ ಆಡ್ತಾರೆ, ಬಹಳ ಸಲ ತಪ್ಪು ಮಾನಿಟರಿನ ಪ್ರಖರತೆಯದ್ದು. ಪ್ರಖರತೆನ ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸಿಗೆ ಇಳಿಸಿ ಎಡಿಟ್ ಮಾಡಿ. ಅಳೆಯೋ ಕ್ಯಾಲಿಬ್ರೇಟರ್ ಒಬ್ಬರೇ ಕೊಳ್ಳೋದು ದಂಡ, ಗುಂಪಲ್ಲಿ ಒಂದಿದ್ರೆ ಕೈಯಿಂದ ಕೈಗೆ ಓಡಾಡುತ್ತೆ.

ಮುಹೂರ್ತ:
ಗುಂಪಲ್ಲಿ ಮದುವೆ ಕೆಲಸಕ್ಕೆ ಎರಡನೇ ಕ್ಯಾಮೆರಾ ಅಂತ ಕರೀತಾರೆ. ಹೋಗಿ, ಆದ್ರೆ ಚಿತ್ರ ಯಾರದ್ದು ಅಂತ ಮೊದಲೇ ಬರೆಸ್ಕೊಳ್ಳಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರೇ ಮೊದಲ ಹಕ್ಕುದಾರರು. ನಿಮ್ಮ ಪೇಜಲ್ಲಿ ಹಾಕ್ಕೊಳ್ಳೋಕೂ ಒಪ್ಪಿಗೆ ಬೇಕು.

ಏರಿಮೇಲಿನವ:
ಇನ್ನೊಂದು. ಹತ್ತು ಜನ ಒಟ್ಟಿಗೆ ಹೋದ್ರೆ ಹತ್ತು ಜನದ್ದೂ ಒಂದೇ ಫೋಟೋ. ಮೇಲುಕೋಟೆ ವೈರಮುಡಿಗೆ ಹೋದಾಗ ಜಾಗ ಹಂಚ್ಕೊಂಡು ನಿಲ್ಲಿ, ಒಬ್ಬರು 18-55ರಲ್ಲಿ ಜನರ ಮಧ್ಯೆ, ಒಬ್ಬರು ಎತ್ತರದಲ್ಲಿ. ಕೊಕ್ಕರೆ ಬೆಳ್ಳೂರಿಗಾದ್ರೆ ನಾಲ್ಕೈದು ಜನ ಮಾತ್ರ. ಗೂಡಿನ ಮರದಡಿ ಗುಂಪು ಸೇರಿದ್ರೆ ತಾಯಿ ಹಕ್ಕಿ ಎದ್ದುಬಿಡುತ್ತೆ, ಬಿಸಿಲಿಗೆ ಮೊಟ್ಟೆ ಹಾಳು, ಮರಿಗೆ ಕಾಗೆ ಕಾಟ. ಫ್ಲ್ಯಾಶ್ ಬೇಡವೇ ಬೇಡ. ಇದಕ್ಕೆ ಬೈಯ್ಯೋರು ಇಲ್ಲದ ಗುಂಪಾದ್ರೆ ದೂರ ಇರಿ.

ಕಬ್ಬಿನಗದ್ದೆ:
ಎಲ್ಲರಿಗೂ ಥ್ಯಾಂಕ್ಸ್. ಗುಂಪಿನ ಮೂಲಕ ಸಲೂನ್ ಸ್ಪರ್ಧೆಗೆ, ಅಂದ್ರೆ ಫೋಟೋ ಪ್ರದರ್ಶನದ ಸ್ಪರ್ಧೆಗೆ, ಕಳಿಸ್ತಾರಂತೆ. ಕೊಕ್ಕರೆ ಬೆಳ್ಳೂರಿನ ಕೊಕ್ಕರೆ ಚಿತ್ರ ನೇಚರ್ ವಿಭಾಗಕ್ಕೆ ನಡೆಯುತ್ತಾ? ಹಿಂದೆ ಕರೆಂಟ್ ತಂತಿ ಇದೆ.

ಡಾರ್ಕ್‌ರೂಮ್:
ತಂತಿನ ಕ್ಲೋನ್ ಮಾಡಿ (ಪಕ್ಕದ ಭಾಗ ನಕಲು ಹಾಕಿ ಮುಚ್ಚಿ) ಅಳಿಸಿದ್ರೆ ಅನರ್ಹ. ಫಿಯಾಪ್ (ಅಂತರರಾಷ್ಟ್ರೀಯ ಫೋಟೋಗ್ರಫಿ ಒಕ್ಕೂಟ) ನೇಚರ್ ನಿಯಮದಲ್ಲಿ ಚಿತ್ರದಿಂದ ಏನನ್ನೂ ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ, ಕ್ರಾಪ್ ಮಾಡಬಹುದು. ಅನುಮಾನ ಬಂದ್ರೆ ರಾ ಫೈಲ್ (ಕ್ಯಾಮೆರಾದಿಂದ ನೇರ ಬಂದ ಮೂಲ ಫೈಲ್) ಕೇಳ್ತಾರೆ, ಅಳಿಸಬೇಡಿ. ಗೂಡಿನ ಚಿತ್ರವನ್ನೇ ತಗೊಳ್ಳದ ಸ್ಪರ್ಧೆಗಳೂ ಇವೆ, ನಿಯಮ ಓದಿ. ಕ್ರಾಪ್ ಮಾಡಿದ್ರೂ ತಂತಿ ಹೋಗದಿದ್ರೆ ಅದನ್ನ ನೇಚರ್‌ಗೆ ಕಳಿಸೋದು ಬಿಡಿ, ಹೆಂಚಿನ ಮನೆ, ಅಂಗಳ ಎಲ್ಲ ಸೇರಿಸಿ ಅಗಲವಾಗಿ ಇನ್ನೊಂದು ತೆಗೆದು ಓಪನ್ ವಿಭಾಗಕ್ಕೆ ಹಾಕಿ. ಆ ಊರಿಗೆ ಅದೇ ಒಪ್ಪೋದು.