ಮನೆಯಲ್ಲಿ 9.8 ಸೆಕೆಂಡು ಬಂದರೆ ಅದು ದಾಖಲೆ ಆಗುತ್ತಾ?

ವಿನೋಬನಗರದ ಅಪ್ಪ:
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮಗಳು ಏಳನೇ ಕ್ಲಾಸು, ಎರಡು ವರ್ಷದಿಂದ ರೂಬಿಕ್ಸ್ ಕ್ಯೂಬ್ ಹುಚ್ಚು. ಬಲಗೈಯಲ್ಲಿ ಊಟ ಮಾಡುತ್ತಿದ್ದರೆ ಎಡಗೈಯಲ್ಲಿ ಕ್ಯೂಬ್ ಕಟಕಟ ಅಂತ ತಿರುಗುತ್ತಲೇ ಇರುತ್ತದೆ. ಮೊನ್ನೆ ಭಾನುವಾರ ನನ್ನ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ 9.8 ಸೆಕೆಂಡು ಬಂತು. ಒತ್ತಿದ್ದು ನಾನೇ. ಅದನ್ನು ಅವಳ ಮಾವ ಫ್ಯಾಮಿಲಿ ಗ್ರೂಪಿಗೆ ಹಾಕಿದ, ಆಗಿನಿಂದ ಮನೆಯಲ್ಲಿ ದಾಖಲೆಯದ್ದೇ ಮಾತು. ಯಾವುದೋ ದಾಖಲೆ ಪುಸ್ತಕದವರಂತೆ, ವಿಡಿಯೋ ಕಳಿಸಿ ದುಡ್ಡು ಕಟ್ಟಿದರೆ ಮೆಡಲು, ಸರ್ಟಿಫಿಕೇಟು ಎಲ್ಲಾ ಮನೆಗೇ ಕೊರಿಯರ್ ಮಾಡುತ್ತಾರಂತೆ. ನಮ್ಮಮ್ಮ ಕಟ್ಟು ಅಂತಾರೆ, ಹೆಂಡತಿ ಸುಮ್ನಿರಿ ಅಂತಾಳೆ. ನಿಜವಾದ ದಾಖಲೆ ಅಂದರೆ ಯಾವುದು? ಪ್ರಪಂಚದಲ್ಲಿ 3 ಸೆಕೆಂಡಿಗೆ ಮಾಡಿದವರಿದ್ದಾರೆ ಅಂತಾರಲ್ಲ, ಹೌದಾ? ನನಗೆ ಒಂದು ಮುಖದ ಬಣ್ಣ ಸೇರಿಸೋಕೂ ಬರಲ್ಲ, ಬೈಬೇಡಿ.

ಸಾಗರದ ಕ್ಯೂಬರ್:
ದುಡ್ಡು ಕಟ್ಟಬೇಡಿ ಸಾರ್. ಆ ಮೆಡಲು ಶೋಕೇಸಿಗೆ ಚೆಂದ, ಅಷ್ಟೇ. ಕ್ಯೂಬ್ ಆಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ವರ್ಲ್ಡ್ ಕ್ಯೂಬ್ ಅಸೋಸಿಯೇಷನ್, ಅಂದರೆ ಡಬ್ಲ್ಯುಸಿಎ ಸ್ಪರ್ಧೆಯಲ್ಲಿ ಬಂದ ಸಮಯವನ್ನು ಮಾತ್ರ. 2004ರಿಂದ ಅವರದ್ದೇ ನಿಯಮ. ಮನೆಯಲ್ಲಿ ಎಷ್ಟೇ ಬರಲಿ, ಅದು ಮನೆಯ ಲೆಕ್ಕ.

ಅಲ್ಲಿ ಹೇಗಿರುತ್ತೆ ಅಂದರೆ, ಕ್ಯೂಬನ್ನು ಹೇಗೆ ಕೆಡಿಸಬೇಕು ಅಂತ ಕಂಪ್ಯೂಟರ್ ಹೇಳುತ್ತದೆ, ಬೇರೆಯವರು ಹಾಗೇ ಕೆಡಿಸಿ, ಮುಚ್ಚಿಕೊಂಡು ತಂದು ಮೇಜಿನ ಮೇಲೆ ಇಡುತ್ತಾರೆ. ತೆರೆದ ಮೇಲೆ ನೋಡಿಕೊಳ್ಳೋಕೆ 15 ಸೆಕೆಂಡು. ಎಂಟು ಸೆಕೆಂಡು ಆದಾಗ ಒಂದು ಸಲ, ಹನ್ನೆರಡು ಆದಾಗ ಇನ್ನೊಂದು ಸಲ ಪಕ್ಕದಲ್ಲಿರುವ ಜಡ್ಜ್ ಕೂಗುತ್ತಾರೆ. ಆಮೇಲೆ ಎರಡೂ ಕೈ ಟೈಮರಿನ ಮೇಲೆ ಇಡಬೇಕು, ಹಸಿರು ದೀಪ ಬರಬೇಕು, ಕೈ ಎತ್ತಿದರೆ ಟೈಮ್ ಶುರು. ಮುಗಿದಾಗ ನಿಲ್ಲಿಸೋದೂ ಎರಡೂ ಕೈಯಲ್ಲೇ. ಅಪ್ಪನ ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ನನ್ನ ಮೊದಲ ಸ್ಪರ್ಧೆಯಲ್ಲಿ ಕೈ ನಡುಗಿ, ಕೊನೆಯ ತಿರುವು ಪೂರ್ತಿ ಆಗುವ ಮೊದಲೇ ಕ್ಯೂಬ್ ಕೆಳಗಿಟ್ಟೆ. ಮೇಲಿನ ಪದರ ಓರೆಯಾಗಿ ನಿಂತಿತ್ತು. ಅದಕ್ಕೆ ಎರಡು ಸೆಕೆಂಡು ದಂಡ. 11.90 ಇದ್ದದ್ದು 13.90 ಆಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

3 ಸೆಕೆಂಡಿನ ವಿಷಯ ನಿಜ. 2023ರಲ್ಲಿ ಅಮೆರಿಕದ ಮ್ಯಾಕ್ಸ್ ಪಾರ್ಕ್ 3.13 ಮಾಡಿದ. 2025ರ ಏಪ್ರಿಲ್‌ನಲ್ಲಿ ಚೀನಾದ ಶುವಾನ್‌ಯಿ ಗೆಂಗ್ ಅನ್ನೋ ಪುಟ್ಟ ಹುಡುಗ ಅದನ್ನು 3.05ಕ್ಕೆ ತಂದ. ಮಗಳಿಗೆ ಒಂದು ಖುಷಿಯ ವಿಷಯ ಹೇಳಿ: 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮಿನ್ ಥಾಯ್ ತೆಗೆದುಕೊಂಡಿದ್ದು 22.95 ಸೆಕೆಂಡು. ಆಗಿನ ಕ್ಯೂಬ್ ತಿರುಗಿಸೋದು ಹಳೇ ಬಾವಿ ರಾಟೆ ತಿರುಗಿಸಿದ ಹಾಗೆ, ಈಗಿನದ್ದಕ್ಕೆ ಒಳಗೆ ಮ್ಯಾಗ್ನೆಟ್ ಇರುತ್ತೆ, ಅದು ಬೇರೆ ಮಾತು.

ಅಡಿಕೆ ಮಂಡಿ:
ಇದೆಲ್ಲ ಅದೃಷ್ಟ ಅಲ್ವಾ ಮಾರಾಯ್ರೆ? ಸುಲಭವಾಗಿ ಕೆಡಿಸಿದ್ದು ಸಿಕ್ಕಿದವನು ಗೆದ್ದ. ಅದೂ ಅಲ್ಲದೆ ಈಗ ಮೆಷಿನ್ನೇ ಕಣ್ಣು ಮಿಟುಕಿಸೋದರೊಳಗೆ ಮಾಡಿ ಬಿಸಾಕುತ್ತಂತೆ. ಮಕ್ಕಳ ಕೈಯಲ್ಲಿ ಯಾಕೆ ಈ ಒದ್ದಾಟ.

ಸಾಗರದ ಕ್ಯೂಬರ್:
ಮೆಷಿನ್ ಹೌದು. 2024ರಲ್ಲಿ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ರೋಬೋ 0.305, ಮರುವರ್ಷ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದ್ದು 0.103 ಸೆಕೆಂಡು. ಜೀಪು ಆಗುಂಬೆ ಘಾಟಿ ಹತ್ತುತ್ತೆ ಅಂತ ಓಟದ ಸ್ಪರ್ಧೆ ನಿಲ್ಲಿಸ್ತೀವಾ?

ಅದೃಷ್ಟದ ಮಾತು ಅರ್ಧ ಸರಿ. ಒಂದೇ ಸಲದ ಸಮಯ, ಅಂದರೆ ಸಿಂಗಲ್‌ನಲ್ಲಿ ಅದೃಷ್ಟ ಇದ್ದೇ ಇದೆ. ಕೊನೆಯ ಪದರದ ತುಂಡುಗಳು ತಾವಾಗೇ ಜಾಗಕ್ಕೆ ಬಂದು ಕೂರೋದುಂಟು, ನಾವು ಪಿಎಲ್‌ಎಲ್ ಸ್ಕಿಪ್ ಅಂತೀವಿ. 72ರಲ್ಲಿ ಒಂದು ಸಲ ಹಾಗಾಗುತ್ತೆ. 2018ರಲ್ಲಿ ಚೀನಾದ ಯುಶೆಂಗ್ ಡು 3.47 ಮಾಡಿದಾಗ ಬರೀ 27 ತಿರುವಿಗೆ ಮುಗಿದಿತ್ತು. ಯಾರೂ ವಿಡಿಯೋ ಕೂಡ ಮಾಡಿರಲಿಲ್ಲ, ಹಾಲ್‌ನ ಸಿಸಿಟಿವಿಯಲ್ಲಿ ಸಿಕ್ಕಿದ್ದಷ್ಟೇ. ಆದರೆ 27 ತಿರುವಿನ ದಾರಿ ಎದುರಿಗಿದ್ದರೂ ಅದನ್ನು ಆ ಕ್ಷಣದಲ್ಲಿ ಕಾಣೋ ಕಣ್ಣು ಬೇಕಲ್ಲ.

ಅದಕ್ಕೇ ನಾವು ಜಾಸ್ತಿ ಬೆಲೆ ಕೊಡೋದು ಆವರೇಜಿಗೆ. ಐದು ಸಲ ಮಾಡಬೇಕು, ಅತಿ ಒಳ್ಳೆಯದು, ಅತಿ ಕೆಟ್ಟದ್ದು ಎರಡನ್ನೂ ಬಿಡಬೇಕು, ಉಳಿದ ಮೂರರ ಸರಾಸರಿ. 2023ರಲ್ಲಿ ಯಿಹೆಂಗ್ ವಾಂಗ್ ಅನ್ನೋ ಒಂಬತ್ತು ವರ್ಷದ ಹುಡುಗ ವಿಶ್ವದಾಖಲೆ ಮಾಡಿದಾಗ ಅವನ ಐದು ಸಮಯ 4.35, 3.90, 4.41, 5.31, 6.16. 3.90 ಹೋಯಿತು, 6.16 ಹೋಯಿತು, ಉಳಿದದ್ದರ ಸರಾಸರಿ 4.69. ನೋಡಿ, ಅದೃಷ್ಟದ್ದು ಅಂತ ನೀವು ಹೇಳಬಹುದಾದ 3.90 ಲೆಕ್ಕಕ್ಕೇ ಬಂದಿಲ್ಲ.

ತೀರ್ಥಹಳ್ಳಿ ಅಮ್ಮ:
ನನ್ನ ಮಗನನ್ನು ಎರಡು ಸಲ ಬೆಂಗಳೂರಿನ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ವಯಸ್ಸಿನ ಮಿತಿ ಇಲ್ಲ, ಡಬ್ಲ್ಯುಸಿಎ ವೆಬ್‌ಸೈಟ್‌ನಲ್ಲಿ ಹೆಸರು ಕೊಡಬೇಕು. ಸೀಟು ಬೇಗ ತುಂಬುತ್ತೆ, ನೋಡ್ತಾ ಇರಿ. ಅಲ್ಲಿ ಬಂದ ಸಮಯ ಅವಳ ಹೆಸರಿನಲ್ಲಿ ಅದೇ ವೆಬ್‌ಸೈಟ್‌ನಲ್ಲಿ ಕಾಯಂ ಇರುತ್ತೆ, ಸರ್ಟಿಫಿಕೇಟಿಗಿಂತ ಅದೇ ವಾಸಿ. ಬೆಳಗಿನ ಜನಶತಾಬ್ದಿ ನಂಬಬೇಡಿ, ಹಿಂದಿನ ದಿನವೇ ಹೋಗಿ. ನಾವು ಒಂದು ಸಲ ಓಡೋಡಿ ಹೋಗಿ ಮೊದಲ ರೌಂಡೇ ತಪ್ಪಿತು, ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಇನ್ನೊಂದು, ಕೈ ಬೆಚ್ಚಗಿರಬೇಕು. ನಮ್ಮ ಮಳೆಗಾಲದಲ್ಲಿ ಬೆರಳು ಮರಗಟ್ಟಿ ಎರಡು ಸೆಕೆಂಡು ಜಾಸ್ತಿಯೇ ಆಗುತ್ತೆ. ಇವನು ಒಲೆ ಮುಂದೆ ಕೂತು ಕೈ ಕಾಯಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಾನೆ. ಕ್ಯೂಬನ್ನೂ ಕಾಯಿಸೋಕೆ ಹೋಗಿ ಒಂದು ಮೂಲೆ ಕರಗಿತು, ಅದು ಬೇಡ.

ವಿನೋಬನಗರದ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ದುಡ್ಡು ಕಟ್ಟಲಿಲ್ಲ. ಅಮ್ಮನಿಗೆ ಬುಡಾಪೆಸ್ಟ್ ಕಥೆ ಹೇಳಿದ್ದಕ್ಕೆ ಈಗ ಮೊಮ್ಮಗಳು ವಿಶ್ವ ಚಾಂಪಿಯನ್ನನ್ನೇ ಸೋಲಿಸಿದಳು ಅಂತ ಪಕ್ಕದ ಮನೆಯಲ್ಲಿ ಹೇಳಿ ಬಂದಿದ್ದಾರೆ.

ನಿನ್ನೆ ಸಂಜೆ ನೀವು ಹೇಳಿದ ಹಾಗೆ ಐದು ಸಲ ಮಾಡಿಸಿದೆ. ಕೆಡಿಸಿದ್ದು ಅವಳ ಅಮ್ಮ, ಟೈಮ್ ಒತ್ತಿದ್ದು ಅವಳೇ. 12.4, 11.9, 14.0, 10.7, 13.1. ಬಿಡೋದನ್ನು ಬಿಟ್ಟು ಲೆಕ್ಕ ಹಾಕಿದರೆ ಹನ್ನೆರಡೂವರೆ ಹತ್ತಿರ. ಹಾಗಾದರೆ ಆ 9.8 ಎಲ್ಲಿಂದ ಬಂತೇ ಅಂದೆ. ತಲೆ ಎತ್ತದೇ ಹೇಳಿದಳು, "ಅಪ್ಪ, ಅವತ್ತು ನೀನು ಶುರುವಿಗೆ ಲೇಟಾಗಿ ಒತ್ತಿದ್ದೆ. ಮಾವ ಅಷ್ಟು ಖುಷಿಯಲ್ಲಿದ್ದ, ಅದಕ್ಕೆ ಸುಮ್ನಿದ್ದೆ."