ಪ್ರಿಫಿಕ್ಸ್, ಸಫಿಕ್ಸ್‌ಗೆ ಮಕ್ಕಳ ಬಾಯಿಗೆ ಬರುವ ಪದ ಬೇಕು, ಶನಿವಾರದೊಳಗೆ

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಸ್ಪೆಲಿಂಗ್ ನಿಯಮಗಳ ದೊಡ್ಡ ಚಾರ್ಟ್ ಮಾಡಿಸಿ ಗೋಡೆಗೆ ಹಾಕಬೇಕು, ಶನಿವಾರ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಉದಾಹರಣೆ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ಪದದ ಮೊದಲಿಗೆ ಸೇರುವ ತುಣುಕು ಪ್ರಿಫಿಕ್ಸ್, ಕೊನೆಗೆ ಸೇರುವುದು ಸಫಿಕ್ಸ್. ಪ್ರಿಫಿಕ್ಸ್‌ಗೆ ಕೆಲವರು ಉಪಸರ್ಗ ಅನ್ನುತ್ತಾರೆ, ಕೆಲವರು ಪೂರ್ವಪ್ರತ್ಯಯ ಅನ್ನುತ್ತಾರೆ. ಯಾವುದು ಸರಿ? ಇನ್ನೊಂದು, ಹ್ಯಾಪಿ ಹೋಗಿ ಹ್ಯಾಪಿನೆಸ್ ಆಗುವಾಗ ವೈ ಜಾಗಕ್ಕೆ ಐ ಬರುತ್ತದಲ್ಲ, ರನ್ನಿಂಗ್ ಬರೆಯುವಾಗ ಎನ್ ಎರಡಾಗುತ್ತದಲ್ಲ, ಹೋಪಿಂಗ್ ಬರೆಯುವಾಗ ಹೋಪ್‌ನ ಕೊನೆಯ ಇ ಬೀಳುತ್ತದಲ್ಲ, ಈ ಮೂರಕ್ಕೂ ಒಂದೊಂದು ಪದ ಬೇಕು. ಸದ್ಯಕ್ಕೆ ಅಕ್ಷರ ಬದಲಾವಣೆ, ಅಕ್ಷರ ದ್ವಿಗುಣ, ಅಕ್ಷರ ಬಿಡುವಿಕೆ ಅಂತ ಬರೆದಿಟ್ಟಿದ್ದೇನೆ. ಯಾವುದೂ ಮಕ್ಕಳ ಬಾಯಿಗೆ ಬರುವ ಹಾಗಿಲ್ಲ.

* * *

ಇಂಗ್ಲಿಷ್ ಪಾಠಕ್ಕೆ ಇಂಗ್ಲಿಷ್ ಪದ ಸಾಕು ಮೇಡಂ. ಪ್ರಿಫಿಕ್ಸ್, ಸಫಿಕ್ಸ್ ಅಂತಲೇ ಹಾಕಿ. ಬಸ್ಸು, ಪೆನ್ನು ಕನ್ನಡ ಆಗಿಲ್ವಾ? ಮುಂದೆ ಕಾಲೇಜಿನಲ್ಲಿ ಪೂರ್ವಪ್ರತ್ಯಯ ಅಂತ ಯಾರೂ ಕೇಳುವುದಿಲ್ಲ.

* * *

ಮುನ್ನೊಟ್ಟು, ಹಿನ್ನೊಟ್ಟು. ಅಚ್ಚಗನ್ನಡ ಪದಗಳಿವೆ, ಬಳಸಿ. ಪ್ರತ್ಯಯ ಅನ್ನುವುದೂ ಸಂಸ್ಕೃತದ ಎರವಲೇ. ಅದನ್ನು ತಂದು ಮಕ್ಕಳ ತಲೆಗೆ ತುಂಬುವುದು ಯಾಕೆ? ಉಪಸರ್ಗದ ಮಾತೇ ಬೇಡ.

* * *

ಉಪಸರ್ಗ ಬೇಡ ಅನ್ನುವುದು ಸರಿ, ಆದರೆ ಅದು ಎರವಲು ಅನ್ನುವ ಕಾರಣಕ್ಕಲ್ಲ. ಸಂಸ್ಕೃತದಲ್ಲಿ ಪ್ರ, ಪರಾ, ಅಪ, ಸಮ್ ಅಂತ 22 ಉಪಸರ್ಗಗಳಿವೆ, ಅವು ಧಾತುವಿಗೆ, ಅಂದರೆ ಕ್ರಿಯಾಪದದ ಮೂಲರೂಪಕ್ಕೆ, ಅಂಟುವಂಥವು. ಆಹಾರ, ವಿಹಾರ, ಸಂಹಾರ ನೋಡಿ. ಅನ್‌ಹ್ಯಾಪಿಯ ಅನ್ ಆ ಜಾತಿಯದ್ದಲ್ಲ. ಅದು ಅನ್ಯಾಯದ ಅ ಇದ್ದಂತೆ, ಅದನ್ನು ನಞ್ ಅನ್ನುತ್ತಾರೆ. ಉಪಸರ್ಗ ಅಂತ ಚಾರ್ಟಿನಲ್ಲಿ ಹಾಕಿದರೆ ಮುಂದೆ ಸಂಸ್ಕೃತ ಕಲಿಯುವ ಮಗು ತಪ್ಪು ಕಲಿತ ಹಾಗಾಗುತ್ತದೆ.

ಮುನ್ನೊಟ್ಟು ಕೇಳಲು ಚೆನ್ನಾಗಿದೆ, ಪಾಠದಲ್ಲಿ ಕೈಕೊಡುತ್ತದೆ. 'ಈ ಅಕ್ಷರದ ಮುಂದೆ ಏನಿದೆ' ಅಂತ ಮಗುವನ್ನು ಕೇಳಿ. ಬಲಗಡೆಯದ್ದನ್ನು ತೋರಿಸುತ್ತದೆ, ಎಡಗಡೆಯದ್ದನ್ನಲ್ಲ. ಓದುವಾಗ ನಮಗೆ ಮುಂದೆ ಅಂದರೆ ಇನ್ನು ಬರಬೇಕಾದದ್ದು, ಹಿಂದೆ ಅಂದರೆ ಆಗಲೇ ಓದಿ ಬಿಟ್ಟದ್ದು. ಹಾಗಾಗಿ ಮುನ್ನೊಟ್ಟು ಯಾವ ಕಡೆ, ಹಿನ್ನೊಟ್ಟು ಯಾವ ಕಡೆ ಅಂತ ದಿನಾ ಗೊಂದಲ. ಸಫಿಕ್ಸ್‌ಗೆ ಬರೀ ಪ್ರತ್ಯಯ ಸಾಕು, ವಿಭಕ್ತಿ ಪ್ರತ್ಯಯ ಕಲಿತ ಮಗುವಿಗೆ ಅದು ಕೊನೆಗೆ ಸೇರುತ್ತದೆ ಅಂತ ಗೊತ್ತು. ಪ್ರಿಫಿಕ್ಸ್‌ಗೆ ಆದಿಪ್ರತ್ಯಯ ಅನ್ನಿ.

ಎರವಲಿನ ಜಗಳ ತೆಗೆದವರಿಗೆ ಒಂದು ಮಾತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದದ್ದು ಈ ಎರವಲು ಪದಗಳಲ್ಲೇ. ಅದರಿಂದ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ. ಪದದ ಮೊದಲಿಗೆ ಅಂಟುವ ತುಣುಕುಗಳೂ ನಮಗೆ ಹೊರಗಿನಿಂದಲೇ ಬಂದವು, ಅನ್ಯಾಯದ ಅ, ಬೇಜವಾಬ್ದಾರಿಯ ಬೇ, ಗೈರುಹಾಜರಿಯ ಗೈರು. ಇವನ್ನೇ ಚಾರ್ಟಿನ ಮೇಲ್ಸಾಲಿಗೆ ಹಾಕಿ, ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಇನ್ನು ಆ ಮೂರು ನಿಯಮ. ಅದಕ್ಕೆ ಹೊಸ ಪದ ಹುಡುಕಲೇಬೇಡಿ, ಕನ್ನಡ ಮೇಷ್ಟ್ರು ಸಂಧಿ ಪಾಠದಲ್ಲಿ ಆಗಲೇ ಕೊಟ್ಟಿದ್ದಾರೆ. ಊರು, ಅಲ್ಲಿ ಸೇರಿ ಊರಲ್ಲಿ ಆದಾಗ ಉ ಬಿತ್ತು, ಅದು ಲೋಪ. ಹೋಪ್‌ನ ಇ ಬೀಳುವುದೂ ಲೋಪ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕ ಜಾಗಕ್ಕೆ ಗ ಬಂತು, ಅದು ಆದೇಶ. ವೈ ಜಾಗಕ್ಕೆ ಐ ಬರುವುದೂ ಆದೇಶ. ಸಂಧಿ ಉಲಿಯದ್ದು, ಸ್ಪೆಲಿಂಗ್ ಬರಹದ್ದು ಅಂತ ಯಾರಾದರೂ ತಗಾದೆ ತೆಗೆಯಬಹುದು. ತೆಗೆಯಲಿ, ಎಂಟನೇ ತರಗತಿಗೆ ಇಷ್ಟು ಸಾಕು.

ರನ್ನಿಂಗ್‌ಗೆ ಮಾತ್ರ ಆಗಮ ಅನ್ನಬೇಡಿ. ಕನ್ನಡದ ಆಗಮ ಅಂದರೆ ಮನೆಯನ್ನು, ಗುರುವನ್ನು ಅನ್ನುವಲ್ಲಿ ಹೊಸದಾಗಿ ಬರುವ ಯ, ವ. ಇದು ದ್ವಿತ್ವ. ಹಳಗನ್ನಡದಲ್ಲಿ ಕಲ್ ಪದಕ್ಕೆ ಒಳ್ (ಈಗಿನ ಅಲ್ಲಿ) ಸೇರಿದರೆ ಕಲ್ಲೊಳ್, ಲ ಎರಡು. ಕಾಲ್ ಪದಕ್ಕೆ ಸೇರಿದರೆ ಕಾಲೊಳ್, ಲ ಒಂದೇ. ಹಿಂದಿನ ಸ್ವರ ಹ್ರಸ್ವವಾದರೆ ಎರಡು, ದೀರ್ಘವಾದರೆ ಒಂದು. ಈಗಲೂ ಕಲ್ಲು, ಕಾಲು ಅನ್ನುತ್ತೇವಲ್ಲ. ರನ್, ರನ್ನಿಂಗ್‌ಗೆ ಎರಡು ಎನ್, ರೇನ್, ರೇನಿಂಗ್‌ಗೆ ಒಂದೇ ಎನ್, ಲೆಕ್ಕ ಅದೇ! ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಒಂದೇ ವ್ಯತ್ಯಾಸ, ಕಲ್ಲಿನ ಎರಡು ಲ ಕಿವಿಗೆ ಕೇಳುತ್ತವೆ, ರನ್ನಿಂಗ್‌ನ ಎರಡು ಎನ್ ಕಣ್ಣಿಗೆ ಮಾತ್ರ. ನಮ್ಮ ಮಕ್ಕಳು ಅದನ್ನು ಒತ್ತಿ ಹೇಳುವುದು ಇದಕ್ಕೇ. 'ಬರೆಯುವಾಗ ಎರಡು, ಹೇಳುವಾಗ ಒಂದು' ಅಂತ ಕೆಳಗೆ ಹಾಕಿ.

ಬಿಗಿನಿಂಗ್‌ಗೆ ಎರಡು ಎನ್, ಓಪನಿಂಗ್‌ಗೆ ಯಾಕೆ ಒಂದು ಅಂತ ಯಾರೋ ಒಬ್ಬ ಕೇಳೇ ಕೇಳುತ್ತಾನೆ. ಬಿಗಿನ್‌ನಲ್ಲಿ ಒತ್ತು ಕೊನೆಯ ತುಂಡಿನ ಮೇಲೆ, ಓಪನ್‌ನಲ್ಲಿ ಮೊದಲ ತುಂಡಿನ ಮೇಲೆ. ಅದನ್ನು ಬಾಯಲ್ಲಿ ಹೇಳಿ, ಚಾರ್ಟಿಗೆ ಹಾಕಬೇಡಿ.

* * *

ಕಲ್ಲು, ಕಾಲು ಅದ್ಭುತ ಸರ್, ಇವತ್ತೇ ತರಗತಿಯಲ್ಲಿ ಹೇಳಿದೆ. ಲೋಪ, ಆದೇಶ, ದ್ವಿತ್ವ ಮೂರನ್ನೂ ಹಾಕುತ್ತಿದ್ದೇನೆ, ಆದಿಪ್ರತ್ಯಯವೂ ಸರಿ. ಇನ್ನೊಂದು ಉಳಿದಿದೆ. ಆದಿಪ್ರತ್ಯಯ ಸೇರುವಾಗ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ಮಿಸ್‌ಗೆ ಸ್ಪೆಲ್ ಸೇರಿದರೆ ಎರಡು ಎಸ್ಸೂ ಉಳಿಯುತ್ತವೆ, ಮಕ್ಕಳು ಒಂದನ್ನು ನುಂಗುತ್ತಾರೆ. ಡಿಸ್‌ಗೆ ಅಪಿಯರ್ ಸೇರಿದರೆ ಇರುವುದು ಒಂದೇ ಎಸ್, ಅಲ್ಲಿ ಎರಡು ಬರೆಯುತ್ತಾರೆ. ಇದಕ್ಕೆ ಪ್ರಕೃತಿಭಾವ ಅನ್ನಬಹುದಾ?

* * *

ಬೇಡ. ಪ್ರಕೃತಿಭಾವ ಸ್ವರದ ಮುಂದೆ ಸ್ವರ ಬಂದರೂ ಸಂಧಿಯಾಗದೆ ಹಾಗೇ ಉಳಿದಾಗಿನ ಮಾತು. ಇಲ್ಲಿ ಎಸ್ ಮುಂದೆ ಎಸ್. 'ಇದ್ದದ್ದು ಇದ್ದ ಹಾಗೆ' ಅಂತ ಬರೆಯಿರಿ.