ಅಪೊಲೊಗೆ ನಾಲ್ಕು ದಿನ, ಚಂದ್ರಯಾನ-3ಕ್ಕೆ ನಲವತ್ತು ದಿನ ಏಕೆ?

ಕುಷ್ಟಗಿ ಮೇಷ್ಟ್ರು, ಕೊಪ್ಪಳ ಜಿಲ್ಲೆ:
ಮಾನ್ಯರೇ, ನಾನು ಕುಷ್ಟಗಿ ತಾಲ್ಲೂಕಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಚಂದ್ರಯಾನ-3 ನೌಕೆಯು 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟು ಆಗಸ್ಟ್ 23ರ ಸಂಜೆ ಇಳಿಯಿತೆಂದು ಕಪ್ಪುಹಲಗೆಯ ಮೇಲೆ ಬರೆದೆ. ಪಕ್ಕದಲ್ಲೇ, 1969ರ ಜುಲೈ 16ಕ್ಕೆ ಹೊರಟು 20ಕ್ಕೆ ಇಳಿದ ಅಮೆರಿಕದ ಅಪೊಲೊ-11ರ ದಿನಾಂಕಗಳೂ ಇದ್ದವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ನಮ್ಮ ರಾಕೆಟ್ ಅಷ್ಟು ಸಾವಕಾಶ ಹೋತೇನ್ರೀ ಸರ?" ಎಂದು ಕೇಳಿದಳು. ಇಂಧನ ಉಳಿಸಲು ಸುತ್ತು ಹಾಕಿತೆಂದು ಹೇಳಿ ಮುಗಿಸಿದೆನಾದರೂ, ಸುತ್ತುಬಳಸಿ ಹೋದರೆ ಇಂಧನ ಉಳಿಯುವುದು ಹೇಗೆಂಬುದು ನನಗೇ ಬಗೆಹರಿದಿಲ್ಲ.

ತೋರಣಗಲ್ಲು ಓದುಗ, ಬಳ್ಳಾರಿ ಜಿಲ್ಲೆ:
ಗುರುಗಳೇ, ದೂರ ಹೆಚ್ಚಿದಷ್ಟೂ ಇಂಧನ ಹೆಚ್ಚು ಎಂಬುದು ಬಸ್ಸಿನ ಲೆಕ್ಕ. ಬಾಹ್ಯಾಕಾಶದಲ್ಲಿ ಎಂಜಿನ್ ಆರಿದರೂ ನೌಕೆ ಸುತ್ತುತ್ತಲೇ ಇರುತ್ತದೆ. ಇಂಧನ ಖರ್ಚಾಗುವುದು ವೇಗವನ್ನೋ ದಿಕ್ಕನ್ನೋ ಬದಲಿಸುವಾಗ ಮಾತ್ರ.

ಸುಮಾರು 640 ಟನ್ ತೂಕದ ನಮ್ಮ ಎಲ್‌ವಿಎಂ-3 ರಾಕೆಟ್ಟು 3,900 ಕಿಲೊ ನೌಕೆಯನ್ನು ನೇರವಾಗಿ ಚಂದ್ರನತ್ತ ಎಸೆಯಲಾರದು. ಅದು ನೌಕೆಯನ್ನು ಭೂಮಿಯಿಂದ ಸಮೀಪದಲ್ಲಿ 170 ಕಿ.ಮೀ., ದೂರದಲ್ಲಿ ಸುಮಾರು 36,500 ಕಿ.ಮೀ. ಇರುವ ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಉಳಿದ ಕೆಲಸ ನೌಕೆಯದೇ 440 ನ್ಯೂಟನ್ ಎಂಜಿನ್ನಿನದು. ಭೂಮಿಯ ಮೇಲೆ ಅರ್ಧ ಚೀಲ ಜೋಳವನ್ನೂ ಎತ್ತಲಾಗದಷ್ಟು ಬಲವದು!

ಇಲ್ಲಿ ನಿಮ್ಮ ಮಕ್ಕಳಿಗೆ ಪಂಚಮಿಯ ಜೋಕಾಲಿಯನ್ನು ನೆನಪಿಸಿ. ಬೇವಿನ ಕೊಂಬೆಗೆ ಹಗ್ಗ ಕಟ್ಟಿ ನಿಂತು ಜೀಕುವ ಹುಡುಗ ತುದಿಯಲ್ಲಿ ಮೊಣಕಾಲು ಮಡಿಚಿ, ತಳಕ್ಕೆ ಬಂದು ವೇಗ ಹೆಚ್ಚಿದ್ದಾಗ ಸೆಟೆದು ನಿಲ್ಲುತ್ತಾನೆ. ಪ್ರತಿ ಸಲವೂ ಜೋಕಾಲಿ ಇನ್ನಷ್ಟು ಮೇಲೇರುತ್ತದೆ. ನೌಕೆಯೂ ಭೂಮಿಗೆ ಸಮೀಪ ಬಂದು ವೇಗ ಹೆಚ್ಚಿದ್ದಾಗಲೇ ಎಂಜಿನ್ ಉರಿಸಿತು, ಏಕೆಂದರೆ ಅಷ್ಟೇ ಇಂಧನಕ್ಕೆ ಅಲ್ಲಿ ಸಿಗುವ ಶಕ್ತಿ ಹೆಚ್ಚು. ಜುಲೈ 15ಕ್ಕೆ ಕಕ್ಷೆಯ ದೂರದ ತುದಿ 41,762 ಕಿ.ಮೀ. ಇದ್ದದ್ದು 25ರ ಹೊತ್ತಿಗೆ ಸುಮಾರು 1,27,600 ಕಿ.ಮೀ. ಆಯಿತು.

ಸಿಂಧನೂರಿನಿಂದ, ರಾಯಚೂರು ಜಿಲ್ಲೆ:
ಜೋಕಾಲಿಯ ಹೋಲಿಕೆ ಚೆನ್ನಾಗಿದೆ, ಆದರೆ "ಇಂಧನ ಉಳಿಯಿತು" ಎಂಬ ಮಾತಿಗೆ ನನ್ನ ತಕರಾರಿದೆ. ಅಪೊಲೊ-11 ಸಹ ಮೊದಲು ಭೂಮಿಯನ್ನು ಒಂದೂವರೆ ಸುತ್ತು ಹಾಕಿ, ತಗ್ಗಿನ ಕಕ್ಷೆಯಲ್ಲೇ ದೊಡ್ಡ ಎಂಜಿನ್ನನ್ನು ಸುಮಾರು 6 ನಿಮಿಷ ಉರಿಸಿ ಹೊರಟಿತು. ತತ್ತ್ವ ಒಂದೇ, ಅವರು ಒಂದೇ ಏಟಿಗೆ ಕೊಟ್ಟ ನೂಕನ್ನು ನಾವು ಕಂತು ಕಂತಾಗಿ ಕೊಟ್ಟೆವು. ಅವರ ಸ್ಯಾಟರ್ನ್-5 ರಾಕೆಟ್ಟು ಸುಮಾರು 2,900 ಟನ್ನಿನದು. ಸುತ್ತಿದ್ದರಿಂದ ನಮಗೆ ಚಿಕ್ಕ ರಾಕೆಟ್ಟು, ಚಿಕ್ಕ ಎಂಜಿನ್ನು ಸಾಕಾದವು ಎನ್ನುವುದೇ ಸರಿಯಾದ ಉತ್ತರ. ಇನ್ನು "ಸಾವಕಾಶ" ಎಂಬುದಂತೂ ತಪ್ಪು: ಆಗಸ್ಟ್ 1ರ ನಡುರಾತ್ರಿ ಚಂದ್ರನ ದಾರಿ ಹಿಡಿದ ನೌಕೆ 5ರ ಸಂಜೆಗೇ ಚಂದ್ರನ ಕಕ್ಷೆ ಸೇರಿತ್ತು.

ಕಂತಿನಿಂದ ಇನ್ನೊಂದು ಅನುಕೂಲವಿದೆ. 2013ರ ನವೆಂಬರ್ 11ರಂದು ಮಂಗಳಯಾನದ ಕಕ್ಷೆ ಏರಿಸುವಾಗ ನೂಕು ಸಾಲದೆ ಕಡಿಮೆ ಬಿದ್ದಾಗ, ಮರುದಿನವೇ ಇನ್ನೊಂದು ನೂಕು ಕೊಟ್ಟು ಸರಿಪಡಿಸಿದರು. ಆದರೆ ಒಳಗೆ ಮನುಷ್ಯರಿದ್ದರೆ ಈ ದಾರಿ ಬೇಡ. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ.

ಕುಷ್ಟಗಿ ಮೇಷ್ಟ್ರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ 5ಕ್ಕೇ ಚಂದ್ರನ ಬಳಿ ತಲುಪಿದ ಮೇಲೆ 23ರವರೆಗೆ ಕಾದದ್ದೇಕೆ? ನಾಳೆ ಅವಳು ಇದನ್ನೂ ಕೇಳದೆ ಬಿಡಳು.

ತೋರಣಗಲ್ಲು ಓದುಗ:
ಒಂದು, ಚಂದ್ರನ ಸುತ್ತಲೂ ಕಕ್ಷೆಯನ್ನು ಹಂತ ಹಂತವಾಗಿ ಇಳಿಸಬೇಕಿತ್ತು. 17ರಂದು ನೆಲಕ್ಕಿಳಿಯುವ ಭಾಗವಾದ ಲ್ಯಾಂಡರ್ 'ವಿಕ್ರಮ್' ಬೇರ್ಪಟ್ಟಿತು. ಇನ್ನೊಂದು, ವಿಕ್ರಮ್ ಕೆಲಸ ಮಾಡುವುದು ಬಿಸಿಲಿನಿಂದ, ಚಂದ್ರನ ಒಂದು ಹಗಲೆಂದರೆ ನಮ್ಮ ಸುಮಾರು 14 ದಿನ. ಇಳಿಯುವ ಜಾಗದಲ್ಲಿ ಹೊತ್ತು ಮೂಡಿದ್ದೇ 23ರಂದು. ಮೊದಲೇ ಇಳಿದಿದ್ದರೆ ಕತ್ತಲೆಯಲ್ಲಿ ಕೂರಬೇಕಾಗುತ್ತಿತ್ತು.